ಗೇಟಿನ ಹೊರಗಿನ ಬಳ್ಳಾರಿ ಜಾಲಿ

ಬಳ್ಳಾರಿಯಲ್ಲಿ ಸಸ್ಯಶಾಸ್ತ್ರ ಹೇಳಿಕೊಡಲು ಶುರು ಮಾಡಿದ ಮೊದಲ ವರ್ಷ, ಬೋರ್ಡಿನ ಮೇಲೆ ಪೈನ್ ಮರ ಬರೆದು ಬರೆದೇ ಸುಸ್ತಾಗಿದ್ದೆ. ಹುಡುಗರು ಸುಮ್ನೆ ಬರೆದುಕೊಳ್ಳುತ್ತಿದ್ದರು. ಇಲ್ಲಿ ಯಾರು ನೋಡಿದ್ದಾರೆ ಪೈನ್ ಮರವನ್ನ? ಒಂದು ದಿನ ಎಲ್ಲರನ್ನೂ ಗೇಟಿನ ಹೊರಗೆ ಕರೆದುಕೊಂಡು ಹೋದೆ. "ಇದೇನು ಗಿಡ?" "ಜಾಲಿ ಸರ್." "ಯಾವ ಜಾಲಿ?" ಯಾರೂ ಬಾಯಿ ಬಿಡಲಿಲ್ಲ.

ನಮ್ಮೂರಿನ ಹೆಸರನ್ನೇ ಹೊತ್ತ ಬಳ್ಳಾರಿ ಜಾಲಿ ಅದು. ಪುಸ್ತಕದಲ್ಲಿ ಪ್ರೊಸೋಪಿಸ್ ಜೂಲಿಫ್ಲೋರಾ. ಹೆಸರು ಬಳ್ಳಾರಿ, ತವರು ಅಮೆರಿಕ ಖಂಡ. 19ನೇ ಶತಮಾನದಲ್ಲಿ ಭಾರತಕ್ಕೆ ತಂದರು. ಸ್ವಲ್ಪ ದೂರದಲ್ಲಿ ಕರಿಜಾಲಿಯೂ ಇತ್ತು, ಪಾಠಕ್ಕೆ ಇನ್ನೇನು ಬೇಕು? ಕರಿಜಾಲಿ ಹೂವು ಹಳದಿ ಉಂಡೆ, ಇದರದ್ದು ಉದ್ದನೆಯ ತೆನೆ. ಕರಿಜಾಲಿ ಕಾಯಿ ಮಣಿ ಪೋಣಿಸಿದ ಹಾಗಿರುತ್ತದೆ, ಇದರ ಕಾಯಿ ಹಣ್ಣಾದರೆ ಹಳದಿ, ತಿನ್ನಲು ಸಿಹಿ. ಇವತ್ತಿಗೂ ಪರೀಕ್ಷೆಯಲ್ಲಿ ಈ ವ್ಯತ್ಯಾಸವನ್ನು ಯಾರೂ ತಪ್ಪು ಬರೆದಿಲ್ಲ.

ಹರ್ಬೇರಿಯಂಗೆ, ಅಂದರೆ ಒಣಗಿಸಿ ಹಾಳೆಗೆ ಅಂಟಿಸಿದ ಗಿಡಗಳ ಸಂಗ್ರಹಕ್ಕೆ, ಇದನ್ನು ಒಣಗಿಸುವಾಗ ಮಾತ್ರ ಸೋತೆವು. ಹಳೇ ಪೇಪರಿನ ನಡುವೆ ಕೊಂಬೆ ಇಟ್ಟು ಭಾರ ಹೇರಿದರೆ ಮುಳ್ಳು ನಾಲ್ಕು ಹಾಳೆ ದಾಟಿ ಬಂತು. ಮೂರನೇ ದಿನ ತೆಗೆದು ನೋಡಿದರೆ ಕಿರುಎಲೆಗಳೆಲ್ಲ ಉದುರಿ, ಕಡ್ಡಿಯಷ್ಟೇ ಉಳಿದಿತ್ತು. ಆಮೇಲೆ ಉದುರಿದ ಎಲೆಗಳನ್ನು ಸಣ್ಣ ಲಕೋಟೆಗೆ ತುಂಬಿ ಅದೇ ಹಾಳೆಗೆ ಅಂಟಿಸುವುದನ್ನು ಕಲಿತೆವು.

ನನ್ನ ಸಂಶೋಧನೆ ಹುಟ್ಟಿದ್ದು ಆಡಿನ ಹಿಕ್ಕೆಯಿಂದ. ಈ ಬೀಜದ ಸಿಪ್ಪೆ ಎಷ್ಟು ಗಟ್ಟಿ ಅಂದರೆ, ತಣ್ಣೀರಲ್ಲಿ ನೆನೆಹಾಕಿದ್ದು ಬಹುಪಾಲು ಹಾಗೇ ಕೂತಿತ್ತು. ಉಪ್ಪುಕಾಗದದಲ್ಲಿ ಉಜ್ಜಿದ ಬೀಜ ಕೆಲವೇ ದಿನದಲ್ಲಿ ಮೊಳೆಯಿತು. ಆಡು ಕಾಯಿ ತಿಂದಾಗ ಹೊಟ್ಟೆಯಲ್ಲಿ ಆ ಸಿಪ್ಪೆ ಮೆತ್ತಗಾಗುತ್ತದೆ, ಹಿಕ್ಕೆಯ ಜೊತೆ ಗೊಬ್ಬರವೂ ಸಿಗುತ್ತದೆ. ಹಿಕ್ಕೆ ಆರಿಸಿ ತನ್ನಿ ಅಂದಾಗ ಮೂಗು ಮುರಿದ ಹುಡುಗಿಯೇ ಕೊನೆಗೆ ಕುಂಡಗಳಿಗೆ ತಪ್ಪದೆ ನೀರು ಹಾಕಿದಳು.

ಎನ್‌ಎಸ್‌ಎಸ್ ಶಿಬಿರಕ್ಕೆ ಕುರುಗೋಡು ಕಡೆಯ ಒಂದು ಹಳ್ಳಿಗೆ ಹೋಗಿದ್ದೆವು. 7 ದಿನ ಕೊಡಲಿ ಹಿಡಿದು ಕೆರೆಯಂಗಳದ ತುಂಬ ಹಬ್ಬಿದ್ದ ಬಳ್ಳಾರಿ ಜಾಲಿಯನ್ನು ನೆಲಮಟ್ಟಕ್ಕೆ ಕಡಿದೆವು. ಫೋಟೋ ತೆಗೆಸಿಕೊಂಡು ಬಂದೆವು. ಮಳೆ ಬಿದ್ದ ಮೇಲೆ ಹೋಗಿ ನೋಡಿದರೆ, ಒಂದು ಕಾಂಡ ಇದ್ದ ಕಡೆ ಐದಾರು ಚಿಗುರು! ಚಿಗುರುವ ಮೊಗ್ಗು ನೆಲದ ಕೆಳಗಿನ ಬುಡದಲ್ಲಿರುತ್ತದೆ ಅಂತ ಕ್ಲಾಸಿನಲ್ಲಿ ಹೇಳುವವನು ನಾನೇ. ಅಲ್ಲಿ ಕುರಿ ಕಾಯುತ್ತಿದ್ದ ಅಜ್ಜ ನಕ್ಕುಬಿಟ್ಟರು: "ಕಟಿಂಗ್ ಮಾಡಿ ಹೋಗಿದ್ರಿ ಬಿಡ್ರಿ ಸರ."

ಮುಂದಿನ ಸಲ ಕೊಡಲಿ ಜೊತೆ ಪಿಕಾಸಿ ಒಯ್ದು, ಒಂದು ಅಡಿ ಅಗೆದು ಬುಡ ಸಮೇತ ತೆಗೆದೆವು. ಕೆಲಸ ನಿಧಾನ, ಅಂಗೈಯೆಲ್ಲ ಬೊಬ್ಬೆ. ಆಗ ಒಬ್ಬ ಅಜ್ಜಿ ಬಂದು ಕೇಳಿದರು: "ಎಲ್ಲಾ ಕಿತ್ರೆ ಒಲಿಗೆ ಏನ್ ಹಾಕೋಣ್ರಿ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಗಿಡವನ್ನು ಬೈಯುವುದು ಸುಲಭ, ಅದೇ ಸೌದೆಯಲ್ಲಿ ಎಷ್ಟೋ ಮನೆಯ ರೊಟ್ಟಿ ಬೇಯುತ್ತದೆ, ಅಲ್ವಾ?

ಊರವರ ಜೊತೆ ಕೂತು ಮಾತಾಡಿದೆವು. ಕೆರೆಯಂಗಳ, ಕಾಲುವೆ ದಂಡೆಯದ್ದು ತೆಗೆಯುವುದು, ಗುಡ್ಡದ ಕಡೆಯದ್ದು ಸೌದೆಗೆ ಬಿಡುವುದು ಅಂತ ಆಯಿತು. ದಾರಿ ಪಕ್ಕ ಹೊಂಗೆ, ಬೇವು ನೆಟ್ಟಿದ್ದೇವೆ. ಮಳೆಗಾಲದಲ್ಲಿ ಕೆಲವು ಭಾನುವಾರ ಹೊಸ ಸಸಿ ಕೀಳಲು ನಾಲ್ಕೈದು ಹುಡುಗರು ನನ್ನ ಜೊತೆ ಬರುತ್ತಾರೆ. ನಾವು ಹೋಗುವಷ್ಟರಲ್ಲಿ ಆಡುಗಳು ಬಂದು ಹೋಗಿರುತ್ತವೆ.