ಕಾದಂಬರಿ ಮೊದಲು, ಇತಿಹಾಸ ಆಮೇಲೆ: ನನ್ನ ಅನುಭವ

ಇತಿಹಾಸ ಬೆರೆತ ಫ್ಯಾಂಟಸಿ ಓದುವವರು ಸಾಮಾನ್ಯವಾಗಿ ಹೇಳುವುದು ಒಂದೇ: ಮೊದಲು ಆ ಕಾಲದ ಇತಿಹಾಸ ತಿಳಿದುಕೋ, ಆಮೇಲೆ ಕಾದಂಬರಿಗೆ ಕೈಹಾಕು. ನಾನು ಅದನ್ನು ತಿರುವುಮುರುವು ಮಾಡಿದೆ. ‘ನೂರು ಪುಟ ದಾಟಲ್ಲ ನೀನು’ ಅಂದಿದ್ದ ಗೆಳೆಯರೇ ಈಗ ನನ್ನ ನೋಟ್‌ಬುಕ್ ಕೇಳಿ ಒಯ್ಯುತ್ತಾರೆ.

ಹಳೇ ಕ್ರಮದಲ್ಲಿ ಕಳೆದುಕೊಂಡದ್ದು ಬಹಳ. ಟ್ಯಾಂಗ್ ರಾಜವಂಶದ ಕಾಲದ ಚೀನಾವನ್ನು ಆಧರಿಸಿದ ಕಾದಂಬರಿಯೊಂದಕ್ಕೆ ಸಿದ್ಧತೆಯೆಂದು 755ರಲ್ಲಿ ಆನ್ ಲುಶಾನ್ ಎಂಬ ಸೇನಾಪತಿ ಎಬ್ಬಿಸಿದ ದಂಗೆಯ ಬಗ್ಗೆ ದಪ್ಪ ಪುಸ್ತಕ ಓದಿದ್ದೆ. ಅರಮನೆಯಲ್ಲಿ ಯಾರ ಗತಿ ಏನಾಗುತ್ತದೆಂದು ಮೊದಲೇ ಗೊತ್ತಾಗಿ ಸಾಹಸದ ಸ್ವಾರಸ್ಯವೇ ಹೋಯಿತು. ನೆಪೋಲಿಯನ್ ಯುದ್ಧಗಳಿಗೆ ಡ್ರ್ಯಾಗನ್ ಇಳಿಸಿದ ಒಂಬತ್ತು ಸಂಪುಟಗಳನ್ನು ಒಟ್ಟಿಗೇ ಕೊಂಡೆ, ಮೇಲೆ ನೌಕಾಯುದ್ಧಗಳ ಅಟ್ಲಾಸ್ ಬೇರೆ. ಹೆಚ್ಚುಕಡಿಮೆ ಅರ್ಧ ವರ್ಷದ ಪುಸ್ತಕದ ದುಡ್ಡು. ಓದು ಮೂರನೇ ಸಂಪುಟಕ್ಕೇ ನಿಂತಿತು.

ಈಗ ನೋಟ್‌ಬುಕ್ಕಿನ ಪುಟಕ್ಕೆ ಎರಡು ಕಾಲಂ. ಎಡಕ್ಕೆ ‘ನಡೆದದ್ದು’, ಬಲಕ್ಕೆ ‘ಮಾಯೆ’. ಎಲ್ಲವೂ ಊಹೆ, ಪೆನ್ಸಿಲ್‌ನಲ್ಲಿ. ಸಂಪುಟ ಮುಗಿಯುವವರೆಗೆ ಏನನ್ನೂ ಹುಡುಕುವಂತಿಲ್ಲ; ಮುಗಿದ ಮೇಲೇ ನಿಜವಾದ ಇತಿಹಾಸದೊಂದಿಗೆ ತಾಳೆ.

ಇದು ಫಲ ಕೊಟ್ಟದ್ದು ಗೈ ಗೇವ್ರಿಯಲ್ ಕೇ ಅವರ ‘ಸೇಲಿಂಗ್ ಟು ಸರಾಂಟಿಯಮ್’ನಲ್ಲಿ. ರಥದ ಓಟದ ಅಭಿಮಾನಿಗಳು ದಂಗೆಯೆದ್ದು ನಗರವನ್ನೇ ಸುಟ್ಟರೆಂಬುದನ್ನು ಲೇಖಕರ ಕಲ್ಪನೆ ಎಂದುಕೊಂಡು ಬಲಕ್ಕೆ ಬರೆದೆ. ತಾಳೆ ನೋಡಿದರೆ 532ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ, ಅಂದರೆ ಇಂದಿನ ಇಸ್ತಾಂಬುಲ್‌ನಲ್ಲಿ, ನಡೆದ ನಿಕಾ ದಂಗೆ ಅದು! ಸುಟ್ಟ ಚರ್ಚಿನ ಜಾಗದಲ್ಲೇ 537ರ ಹೊತ್ತಿಗೆ ಹಾಗಿಯಾ ಸೋಫಿಯಾ ಎದ್ದಿತ್ತು. ರಸವಾದಿಯ ಯಂತ್ರಪಕ್ಷಿಗಳನ್ನಂತೂ ಎರಡನೇ ಯೋಚನೆಯಿಲ್ಲದೆ ಮಾಯೆಗೆ ಹಾಕಿದ್ದೆ. ಆದರೆ 949ರಲ್ಲಿ ಅಲ್ಲಿಗೆ ರಾಯಭಾರಿಯಾಗಿ ಹೋದ ಲಿಯುಟ್‌ಪ್ರಾಂಡ್, ಸಿಂಹಾಸನದ ಮುಂದಿನ ಮರದ ಮೇಲೆ ಲೋಹದ ಹಕ್ಕಿಗಳು ತಮ್ಮ ತಮ್ಮ ದನಿಯಲ್ಲಿ ಹಾಡುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಹಕ್ಕಿ ಆ ನಗರದ್ದು, ಅದರೊಳಗಿನ ಜೀವ ಲೇಖಕರದ್ದು. ಆ ಗೆರೆ ಕಂಡಾಗ ಆದ ಖುಷಿ, ಇತಿಹಾಸ ಮೊದಲು ಓದಿದ್ದರೆ ನನಗೆ ಖಂಡಿತ ಸಿಗುತ್ತಿರಲಿಲ್ಲ.

ಸುಸಾನಾ ಕ್ಲಾರ್ಕ್ ಅವರ ‘ಜೊನಾಥನ್ ಸ್ಟ್ರೇಂಜ್ ಆ್ಯಂಡ್ ಮಿಸ್ಟರ್ ನೊರೆಲ್’ ಮಾತ್ರ ಕಾಡಿತು. ಅಡಿಟಿಪ್ಪಣಿಗಳಲ್ಲಿ, ಜಗತ್ತಿನಲ್ಲೇ ಇಲ್ಲದ ಗ್ರಂಥಗಳ ಉಲ್ಲೇಖ ಎಷ್ಟು ಗಂಭೀರವಾಗಿದೆಯೆಂದರೆ ಎಡ ಕಾಲಂ ಸುಮ್ಮನೆ ತುಂಬುತ್ತಾ ಹೋಯಿತು. ಅಂದಿನಿಂದ ಅಡಿಟಿಪ್ಪಣಿಗೆ ಮೂರನೇ ಕಾಲಂ. ಇನ್ನೊಂದು ಲಾಭವೂ ಆಯಿತು. ಸ್ಪೇನ್ ಯುದ್ಧದಲ್ಲಿ ಮಾಂತ್ರಿಕನು ಬ್ರಿಟಿಷ್ ಸೇನಾಪತಿ ವೆಲ್ಲಿಂಗ್ಟನ್‌ಗೆ ಮಾಡಿಕೊಡುವುದು ರಸ್ತೆ. ರಸ್ತೆಯೇ ಏಕೆಂದು ಬೆನ್ನುಹತ್ತಿದಾಗಲೇ 1808ರಿಂದ 1814ರ ಆ ಯುದ್ಧದಲ್ಲಿ ಸೈನ್ಯಕ್ಕೆ ಸಾಮಾನು ಸಾಗಿಸುವುದೇ ಎಂಥ ತಲೆನೋವಾಗಿತ್ತೆಂದು ತಿಳಿದದ್ದು.

ನಡುವೆ ಆಡಿಯೋಬುಕ್ ಪ್ರಯತ್ನಿಸಿದೆ. ಹೆಸರುಗಳು ಕಿವಿಯಲ್ಲಿ ನಿಲ್ಲಲಿಲ್ಲ. ಪ್ರಕಟಣೆಯ ವರ್ಷ ಬಿಟ್ಟು ಕಥೆಯ ಕಾಲದ ಪ್ರಕಾರ, ಅಂದರೆ ಬೈಜಾಂಟಿಯಮ್ (ಕಾನ್‌ಸ್ಟಾಂಟಿನೋಪಲ್‌ನ ಸಾಮ್ರಾಜ್ಯ), ಟ್ಯಾಂಗ್, ನೆಪೋಲಿಯನ್ ಹೀಗೆ, ಜೋಡಿಸಿ ಓದುವ ಪ್ರಯೋಗ ಇನ್ನೂ ನಡೆಯುತ್ತಿದೆ. ಈ ಕ್ರಮದಲ್ಲಿ ಅರಮನೆಯ ಒಳಸಂಚುಗಳು ಚೆನ್ನಾಗಿ ಹಿಡಿತಕ್ಕೆ ಬರುತ್ತಿವೆ.

ಆರಂಭದಲ್ಲಿ ಅರ್ಧದಷ್ಟು ಊಹೆ ತಪ್ಪುತ್ತಿತ್ತು, ಈಗ ನಾಲ್ಕರಲ್ಲಿ ಮೂರು ಸರಿ ಬೀಳುತ್ತವೆ. ನನ್ನ ಬಳಗದಲ್ಲಿ ಇಷ್ಟು ಯಾರದ್ದೂ ಇಲ್ಲ. ಒಂದು ಸಂಪುಟದ ತಾಳೆ ಮುಗಿಯದೆ ಮುಂದಿನದನ್ನು ಕೊಳ್ಳದ ಕಾರಣ ಖರ್ಚು ಸುಮಾರು ಮೂರನೇ ಒಂದು ಭಾಗಕ್ಕೆ ಇಳಿದಿದೆ. ಯುದ್ಧದ ಉದ್ದುದ್ದ ಅಧ್ಯಾಯಗಳಲ್ಲಿ ಯಾವ ಸಾಲನ್ನು ಕಾಲಂಗೆ ಎತ್ತಿಕೊಳ್ಳಬೇಕೆಂದು ತಿಳಿಯಲು ನನ್ನದೇ ಒಂದು ಗುರುತಿದೆ. ಅದನ್ನು ಸದ್ಯಕ್ಕೆ ಯಾರಿಗೂ ಹೇಳುವುದಿಲ್ಲ.