ಹೆಣ್ಣುಗಳ ಓಡಾಟದಿಂದ ಲೆಕ್‌ನ ಜಾಗವನ್ನು ಅರಿಯುವ ಬಗೆ

ಕೆಲವು ಜಾತಿಯ ಹಕ್ಕಿಗಳಲ್ಲಿ ಗಂಡು ಗೂಡು ಕಟ್ಟುವುದಿಲ್ಲ, ಮರಿಗೆ ಗುಟುಕು ಕೊಡುವುದೂ ಇಲ್ಲ. ವರ್ಷವರ್ಷವೂ ಅದೇ ಅಂಗಳದಲ್ಲಿ ಹಲವು ಗಂಡುಗಳು ಸೇರಿ ಹೆಣ್ಣುಗಳೆದುರು ಕುಣಿಯುತ್ತವೆ. ‘ಲೆಕ್’ ಎಂದು ಕರೆಯುವ ಈ ಅಂಗಳ ಅಲ್ಲಿಯೇ ಏಕೆ ಎಂಬ ಪ್ರಶ್ನೆಗೆ 1983ರಲ್ಲಿ ಪ್ರಾಣಿವರ್ತನೆಯ ಸಂಶೋಧಕರಾದ ಬ್ರಾಡ್‌ಬರಿ ಮತ್ತು ಗಿಬ್ಸನ್ ಮುಂದಿಟ್ಟ ‘ಹಾಟ್‌ಸ್ಪಾಟ್’ ಮಾದರಿಯ ಉತ್ತರ ಸರಳ: ಹೆಚ್ಚು ಹೆಣ್ಣುಗಳು ಹಾದುಹೋಗುವ ಕಡೆ ಗಂಡುಗಳು ನೆಲೆಯೂರುತ್ತವೆ. ಅದನ್ನು ಪರೀಕ್ಷಿಸುವುದು ಮಾತ್ರ ಅಷ್ಟು ಸರಳವಲ್ಲ.

ಮೊದಲು ಪ್ರದೇಶದ ಎಲ್ಲ ಲೆಕ್‌ಗಳನ್ನೂ ನಕಾಶೆಯಲ್ಲಿ ಗುರುತಿಸಿ, ಋತುವಿನುದ್ದಕ್ಕೂ ನಸುಕಿನಲ್ಲಿ ಗಂಡುಗಳನ್ನು ಎಣಿಸಬೇಕು. ಉತ್ತರ ಅಮೆರಿಕದ ಸೇಜ್ ಗ್ರೌಸ್‌ನಂಥ ಹಕ್ಕಿಯಲ್ಲಿ ಈ ಎಣಿಕೆ ಕಷ್ಟವಲ್ಲ. ಗಂಡು ಬಿಳಿಯ ಎದೆಯುಬ್ಬಿಸಿ, ಹಳದಿ ಗಾಳಿಚೀಲಗಳನ್ನು ‘ಟಪ್’ ಎನ್ನಿಸುವಾಗ ಎಂಥವರ ಕಣ್ಣಿಗೂ ಬೀಳುತ್ತದೆ. ಹೆಣ್ಣು ಹಾಗಲ್ಲ. ಮಣ್ಣಿನ ಬಣ್ಣದ ಅದು ಪೊದೆಗಳ ನಡುವೆ ಸದ್ದಿಲ್ಲದೆ ನಡೆದುಹೋಗುತ್ತದೆ. ಆದ್ದರಿಂದ ಅದರ ಜಾಡು ಹಿಡಿಯಲು ಹಗುರವಾದ ರೇಡಿಯೊ ಟ್ರಾನ್ಸ್‌ಮಿಟರ್ ಬೇಕು, ಹಿಡಿಯಲು ಅನುಮತಿಯೂ ಬೇಕು.

ಹೆಚ್ಚಿನವರು ಎಡವುವುದು ಇಲ್ಲಿಯೇ. ಲೆಕ್‌ನಲ್ಲಿ ಹಿಡಿದ ಹೆಣ್ಣುಗಳನ್ನೇ ಹಿಂಬಾಲಿಸಿದರೆ ಅವು ಲೆಕ್‌ನ ಆಸುಪಾಸಿನಲ್ಲೇ ಹೆಚ್ಚು ಓಡಾಡುತ್ತವೆ ಎಂದು ತೋರುವುದು ಸಹಜ, ಅದರಿಂದ ಏನೂ ಸಾಬೀತಾಗುವುದಿಲ್ಲ. ಸಾಧ್ಯವಾದಷ್ಟನ್ನು ಚಳಿಗಾಲದ ನೆಲೆಗಳಲ್ಲಿ ಹಿಡಿಯಬೇಕು, ಮತ್ತು ಗಂಡುಗಳನ್ನು ನೋಡಲೆಂದೇ ಬಂದ ಮುಂಜಾವಿನ ಭೇಟಿಗಳನ್ನು ಲೆಕ್ಕದಿಂದ ಹೊರಗಿಡಬೇಕು. ಇಲ್ಲದಿದ್ದರೆ ಗಂಡುಗಳಿಂದಾಗಿ ಹೆಣ್ಣು ಬಂತೋ, ಹೆಣ್ಣುಗಳಿಂದಾಗಿ ಗಂಡು ಬಂತೋ ಎಂಬುದು ಬಿಡಿಸಲಾಗದ ಗಂಟಾಗುತ್ತದೆ. ಗೂಡುಗಳನ್ನಷ್ಟೇ ಎಣಿಸುವುದೂ ಸಾಲದು. ಸೇಜ್ ಗ್ರೌಸ್ ಹೆಣ್ಣು ಕೂಡಿದ ಅಂಗಳದಿಂದ ಹಲವು ಕಿಲೋಮೀಟರ್ ದೂರದಲ್ಲಿ ಮೊಟ್ಟೆಯಿಡಬಹುದು. ಚಳಿಗಾಲದ ನೆಲೆಯಿಂದ ಗೂಡಿನ ಜಾಗಕ್ಕೆ ಸಾಗುವ, ಮೊಟ್ಟೆಯಿಡುವ ಮೊದಲಿನ ವಾರಗಳ ದಾರಿಯೇ ಮುಖ್ಯ ಎಂಬುದು ನನ್ನ ಅಭಿಪ್ರಾಯ.

ಆಮೇಲೆ ಪ್ರತಿ ಲೆಕ್‌ನ ಸುತ್ತ ಎಷ್ಟು ಬೇರೆ ಬೇರೆ ಹೆಣ್ಣುಗಳು ಹಾದುಹೋದವು ಎಂದು ಎಣಿಸಿ, ಲೆಕ್ ಇಲ್ಲದ ಜಾಗಗಳೊಂದಿಗೆ ಹೋಲಿಸಬೇಕು. ಹೋಲಿಕೆಯ ಜಾಗವೂ ಅಷ್ಟೇ ಬಯಲಾಗಿರಬೇಕು; ದಟ್ಟ ಪೊದೆಯಲ್ಲಿ ಗಂಡು ಹೇಗೂ ಕುಣಿಯದು.

ಹೊಂದಿಕೆ ಸಿಕ್ಕಿದರೂ ಇನ್ನೊಂದು ಸಾಧ್ಯತೆ ಉಳಿಯುತ್ತದೆ: ಆಕರ್ಷಕವಾದ ಒಂದು ಗಂಡಿನ ಸುತ್ತ ಉಳಿದವು ಜಮಾಯಿಸಿರಬಹುದು. ಇದು ‘ಹಾಟ್‌ಶಾಟ್’ ಮಾದರಿ. ಆ ಗಂಡು ಸತ್ತಾಗ ಅಥವಾ ಕಾಣೆಯಾದಾಗ ಗಮನಿಸಿ: ನೆರೆಯ ಗಂಡುಗಳು ಚದುರಿದರೆ ಅಂಗಳ ಅದರದ್ದಾಗಿತ್ತು, ಖಾಲಿಯಾದ ತಾಣವನ್ನು ಮತ್ತೊಂದು ಗಂಡು ಬೇಗನೆ ಹಿಡಿದರೆ, ಸೆಳೆತ ಇದ್ದದ್ದು ಬಹುಶಃ ಆ ಜಾಗಕ್ಕೇ.