ಎರಡನೇ ಮದುವೆಯ ಮನೆಯಲ್ಲಿ ತೋಟ ಯಾರಿಗೆ? ಉಯಿಲು ಬರೆಯುವ ಬಗೆ

ಮೊದಲು ಒಂದು ಲೆಕ್ಕ. ಕೊಡಗಿನ ಗೋಣಿಕೊಪ್ಪಲಿನ ಆಸುಪಾಸಿನಲ್ಲಿ ಒಬ್ಬರು ಸ್ವಂತ ದುಡಿಮೆಯಿಂದ ಕೊಂಡ 12 ಏಕರೆ ರೊಬಸ್ಟಾ ಕಾಫಿ ತೋಟವಿದೆ ಎಂದುಕೊಳ್ಳಿ. ತೀರಿಹೋದ ಮೊದಲ ಹೆಂಡತಿಗೆ ಇಬ್ಬರು ಮಕ್ಕಳು. ಎರಡನೆಯವರು ಬರುವಾಗ ತಮ್ಮ ಮೊದಲ ಸಂಬಂಧದ ಮಗಳನ್ನು ಕರೆತಂದರು, ಆಮೇಲೆ ಇಲ್ಲೊಬ್ಬ ಮಗ ಹುಟ್ಟಿದ. ಯಜಮಾನರ ತಾಯಿಯೂ ಇದ್ದಾರೆ. ಯಜಮಾನರು ಉಯಿಲು ಬರೆಯದೆ ಹೋದರೆ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಹೆಂಡತಿ, ತಾಯಿ ಮತ್ತು ಅವರ ಮೂವರು ಸ್ವಂತ ಮಕ್ಕಳಿಗೆ ಐದು ಪಾಲು, ತಲಾ 2 ಏಕರೆ 40 ಸೆಂಟ್. ಅದೇ ಮನೆಯಲ್ಲಿ ಬೆಳೆದ ಮಲಮಗಳಿಗೆ ಸೊನ್ನೆ.

ಮುಂದೆ ಹೆಂಡತಿಯೂ ಉಯಿಲಿಲ್ಲದೆ ತೀರಿಕೊಂಡರೆ ಅವರ 2 ಏಕರೆ 40 ಸೆಂಟ್ ಅವರು ಹೆತ್ತ ಇಬ್ಬರಿಗೆ ಮಾತ್ರ, ತಲಾ 1 ಏಕರೆ 20 ಸೆಂಟ್. ಅಲ್ಲಿಗೆ ಕಿರಿಯ ಮಗನ ಕೈಯಲ್ಲಿ 3 ಏಕರೆ 60 ಸೆಂಟ್, ಮೊದಲ ಹೆಂಡತಿಯ ಮಕ್ಕಳ ಕೈಯಲ್ಲಿ ತಲಾ 2 ಏಕರೆ 40 ಸೆಂಟ್. ಹೆಂಡತಿ ಗಂಡನಿಗಿಂತ ಮೊದಲೇ ಹೋಗಿದ್ದರೆ ಮಲಮಗಳಿಗೆ ಆ 1 ಏಕರೆ 20 ಸೆಂಟೂ ಇಲ್ಲ. ಯಾರು ಮೊದಲು ಸಾಯುತ್ತಾರೆ ಎಂಬುದರ ಮೇಲೆ ತೋಟದ ಬೇಲಿ ಸರಿಯುತ್ತದೆ. ಉಯಿಲು ಬೇಕಾಗಿರುವುದು ಇದಕ್ಕೇ.

ಮೊದಲು ಪಹಣಿ, ಆಮೇಲೆ ಉಯಿಲು

ಬರೆದುಕೊಡಲು ನಿಮ್ಮದು ಏನಿದೆ ಎಂಬುದು ಮೊದಲು ಗೊತ್ತಾಗಬೇಕು. ಹೆಚ್ಚಿನ ಉಯಿಲುಗಳು ಎಡವುವುದೂ ಇಲ್ಲೇ. ಪಹಣಿ, ಋಣಭಾರ ಪತ್ರ, ಹಳೆಯ ವಿಭಾಗ ಪತ್ರ, ಕ್ರಯಪತ್ರಗಳನ್ನು ಎದುರಿಗಿಟ್ಟುಕೊಂಡು ಜಾಗಗಳನ್ನು ಮೂರು ಗುಂಪು ಮಾಡಿ.

ಒಂದು, ಒಕ್ಕದ (ಕೊಡವ ಕುಲಮನೆತನದ) ಜಮ್ಮಾ ಜಮೀನು, ಅಂದರೆ ವಂಶಪಾರಂಪರ್ಯದ ಹಿಡುವಳಿ, ಮತ್ತು ಅದಕ್ಕೆ ಸೇರಿದ ಬಾಣೆ, ಅಂದರೆ ಮರಗಾಡಿನ ಎತ್ತರದ ಜಾಗ. ಇದರ ಪಹಣಿಯಲ್ಲಿ ಒಕ್ಕದ ಪರವಾಗಿ ದಾಖಲಾದ ಹಿರಿಯರ, ಅಂದರೆ ಪಟ್ಟೆದಾರರ ಹೆಸರಿರುತ್ತದೆ, ಎಷ್ಟೋ ಕಡೆ ಅವರು ತೀರಿಹೋಗಿ ದಶಕಗಳೇ ಆಗಿರುತ್ತವೆ. ‘ಈ ಮೂಲೆ ನಲವತ್ತು ವರ್ಷದಿಂದ ನಮ್ಮ ಸ್ವಾಧೀನ’ ಎಂಬ ಮಾತು ಮನೆಯೊಳಗೆ ನಡೆಯುತ್ತದೆ, ದಾಖಲೆಯಲ್ಲಿ ನಡೆಯುವುದಿಲ್ಲ. ವಿಭಾಗವಾಗದ ಜಾಗದಲ್ಲಿ ಇಂಥ ತುಂಡು ಇಂಥವರಿಗೆ ಎಂದು ಎಲ್ಲೆ ಹಾಕಿ ಬರೆದರೆ ನಿಲ್ಲದು. ಕಾಯ್ದೆಯ 30ನೇ ಕಲಮಿನಂತೆ ನಿಮ್ಮ ಅವಿಭಕ್ತ ಹಕ್ಕನ್ನು ಮಾತ್ರ ಬರೆಯಬಹುದು. ಅದನ್ನು ಮಲಮಗನಿಗೆ ಬರೆಯುವ ಯೋಚನೆಯಿದ್ದರೆ ಒಂದು ಮಾತು: ಐನ್‌ಮನೆಯ (ಒಕ್ಕದ ಮೂಲಮನೆಯ) ಹಿಸ್ಸೆದಾರರೆಲ್ಲ ಒಟ್ಟಾಗಿ ಆಕ್ಷೇಪ ಹಾಕುವುದು ಇಂಥ ಕಡೆಯೇ. ಅವನಿಗೆ ಸ್ವಯಾರ್ಜಿತ ಜಾಗ ಕೊಟ್ಟು, ಜಮ್ಮಾವನ್ನು ಒಕ್ಕದ ಮಕ್ಕಳಿಗೆ ಬಿಡುವುದು ಜಾಣತನ.

ಎರಡು, ವಿಭಾಗದಲ್ಲಿ ಬಂದ ಪಿತ್ರಾರ್ಜಿತ. ಇದರಲ್ಲಿ ಎರಡೂ ಮದುವೆಯ ನಿಮ್ಮ ಸ್ವಂತ ಮಕ್ಕಳಿಗೆ ಹುಟ್ಟಿನಿಂದಲೇ ಹಕ್ಕು. 2005ರ ತಿದ್ದುಪಡಿಯಿಂದ ಹೆಣ್ಣುಮಕ್ಕಳಿಗೂ ಸಮಪಾಲು ಬಂತು, ಆ ದಿನ ತಂದೆ ಬದುಕಿರಬೇಕೆಂದೇನೂ ಇಲ್ಲವೆಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಮದುವೆಯಾಗಿ ಹೋದ ಮೊದಲ ಹೆಂಡತಿಯ ಮಗಳನ್ನು ಬಿಟ್ಟು ಲೆಕ್ಕ ಹಾಕಬೇಡಿ. ಸಾಧ್ಯವಿದ್ದರೆ ನೀವು ಇರುವಾಗಲೇ ನೋಂದಾಯಿತ ವಿಭಾಗ ಮಾಡಿ. ಸರ್ವೆ ನಂಬರನ್ನು ಒಡೆಯುವುದಾದರೆ ಅದಕ್ಕೆ ಸರ್ವೆ ಇಲಾಖೆಯ 11ಇ ನಕ್ಷೆ ಬೇಕು.

ಮೂರು, ನೀವೇ ಕೊಂಡದ್ದು. ಇದನ್ನು ಯಾರಿಗೆ ಬೇಕಾದರೂ ಬರೆಯಿರಿ.

ಬರೆಯುವಾಗ

‘ನನ್ನ ಮಕ್ಕಳಿಗೆಲ್ಲ ಸಮನಾಗಿ’ ಎಂಬ ಸಾಲು ಬೇಡವೇ ಬೇಡ. ಕಾನೂನಿನ ಕಣ್ಣಿಗೆ ಆ ‘ಮಕ್ಕಳು’ ಪದದೊಳಗೆ ಮಲಮಕ್ಕಳು ಬರುವುದಿಲ್ಲ. ‘ನನ್ನ ಹೆಂಡತಿಯ ಮೊದಲ ವಿವಾಹದ ಮಗಳು’ ಎಂದು ಬರೆದು ಪೂರ್ತಿ ಹೆಸರು, ಹುಟ್ಟಿದ ದಿನ ಸೇರಿಸಿ. ಯಾರಿಗಾದರೂ ಕಡಿಮೆ ಕೊಡುತ್ತಿದ್ದರೆ ಎರಡು ಸಾಲಿನಲ್ಲಿ ಕಾರಣ ಹೇಳಿ: ಓದಿಸಿದ ಖರ್ಚು, ಮೊದಲೇ ಕೊಟ್ಟ ಸೈಟು, ಹೀಗೆ. ಬೈಗುಳ ಬೇಡ.

ತೋಟವನ್ನು ಏಕರೆ ಲೆಕ್ಕದಲ್ಲಿ ಹಂಚಿ ಕೈತೊಳೆದುಕೊಂಡರೆ ಜಗಳವನ್ನೂ ಹಂಚಿದಂತೆ. ಕೆರೆ ಯಾರ ಪಾಲಿಗೆ? ಫೆಬ್ರವರಿ–ಮಾರ್ಚ್‌ನಲ್ಲಿ ಹೂವಿನ ನೀರು (ಕಾಫಿ ಹೂ ಅರಳಲು ಕೊಡುವ ನೀರು) ಹೊಡೆಯುವ ಹೊತ್ತಿಗೆ ಕೆರೆ ಪಡೆದವನು ಪಂಪ್‌ಮನೆಗೆ ಬೀಗ ಹಾಕಿದರೆ ಉಳಿದವರ ರೊಬಸ್ಟಾ ಆ ವರ್ಷ ಹೋದಂತೆಯೇ. ಆದ್ದರಿಂದ ನೀರು ಎತ್ತುವ ಹಕ್ಕು, ಪೈಪ್ ಹಾಯುವ ದಾರಿ, ಕರೆಂಟ್ ಸಂಪರ್ಕ ಯಾರ ಹೆಸರಿಗೆ, ಜೀಪ್ ಹೋಗುವ ದಾರಿಯ ಅಗಲ, ಕಾಫಿ ಒಣಗಿಸುವ ಕಣ, ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್, ಕೆಲಸದವರ ಲೈನ್ ಮನೆ, ಇಷ್ಟನ್ನೂ ಹೆಸರಿಸಿ. ಸಿಲ್ವರ್ ಓಕ್ ಮರ, ಅದಕ್ಕೆ ಹಬ್ಬಿದ ಮೆಣಸು ಜಾಗದ ಜೊತೆಗೇ ಹೋಗುತ್ತವೆಯೇ ಎಂಬುದನ್ನೂ ಹೇಳಿ. ಕೊಯ್ಲಿನ ನಡುವೆ ಸಾವು ಬಂದರೆ ಗಿಡದ ಮೇಲಿನ ಫಸಲು ಯಾರದ್ದು, ಸಹಕಾರ ಸಂಘದ ಬೆಳೆ ಸಾಲ ತೀರಿಸುವವರು ಯಾರು ಎಂಬ ಸಾಲೂ ಇರಲಿ.

ಕೋವಿಯನ್ನು ಮರೆಯಬೇಡಿ. ಉಯಿಲಿನಲ್ಲಿ ಹೆಸರು ಬರೆದ ಮಾತ್ರಕ್ಕೆ ಕೋವಿ ಕೈಗೆ ಬರುವುದಿಲ್ಲ. ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ ಕೋವಿ ಪರವಾನಗಿಯಿಂದ ಇರುವ ವಿನಾಯಿತಿ ಪಡೆಯುವವರಿಗೂ ಅನ್ವಯಿಸಬೇಕು, ಇಲ್ಲವೇ ಅವರಿಗೆ ಪರವಾನಗಿ ಇರಬೇಕು.

ಇನ್ನು ಎಲ್ಲಕ್ಕಿಂತ ಸೂಕ್ಷ್ಮವಾದದ್ದು. ‘ಹೆಂಡತಿ ಬದುಕಿರುವವರೆಗೆ ಮನೆಯಲ್ಲಿರಲಿ, ಆಮೇಲೆ ಮೊದಲ ಮಕ್ಕಳಿಗೆ’ ಎಂದು ಬರೆಯುವುದು ಬಹಳ ಮಂದಿಯ ಆಸೆ. ಆದರೆ ಹೆಂಡತಿಗಿರುವ ಜೀವನಾಂಶದ ಹಕ್ಕಿಗೆ ಬದಲಾಗಿ ಕೊಟ್ಟ ಆಯುಷ್ಯಪರ್ಯಂತದ ಹಕ್ಕು ಉತ್ತರಾಧಿಕಾರ ಕಾಯ್ದೆಯ 14(1)ನೇ ಕಲಮಿನಡಿ ಪೂರ್ಣ ಒಡೆತನವಾಗಿಬಿಡಬಹುದು. ಸುಪ್ರೀಂ ಕೋರ್ಟಿನ 1977ರ ತುಳಸಮ್ಮ ತೀರ್ಪಿನಿಂದ ಈ ವಾದ ಗಟ್ಟಿಯಾಗಿದೆ. ಹಾಗಾದರೆ ಮನೆ ಅವರು ಹೆತ್ತವರಿಗೆ ಹೋಗುತ್ತದೆ. ಆದ್ದರಿಂದ ಜೀವನಾಂಶಕ್ಕೆಂದು ಠೇವಣಿಯನ್ನೋ ಒಂದಿಷ್ಟು ತೋಟವನ್ನೋ ಹೆಂಡತಿಗೆ ಪೂರ್ತಿಯಾಗಿ ಬರೆದುಬಿಡಿ. ಮನೆಯ ವಿಷಯದಲ್ಲಿ ವಾಸದ ಅನುಮತಿ ಮಾತ್ರ ಎಂದು ಬೇರೆಯಾಗಿ ಹೇಳಿ, ಒಡೆತನ ನಿಮ್ಮ ಸಾವಿನ ದಿನವೇ ಮಕ್ಕಳಿಗೆ ಸೇರುತ್ತದೆ ಎಂದು ಸ್ಪಷ್ಟಪಡಿಸಿ. ಈ ಒಂದು ಪ್ಯಾರಾವನ್ನಾದರೂ ಬಾಂಡ್ ಬರಹಗಾರರ ಬಳಿ ಬರೆಸದೆ ಸಿವಿಲ್ ವಕೀಲರಿಂದ ಬರೆಸಿ.

ಕೊನೆಗೆ ‘ಇಲ್ಲಿ ಹೇಳದ ಉಳಿದೆಲ್ಲ ಆಸ್ತಿ ಇಂಥವರಿಗೆ’ ಮತ್ತು ‘ಪಡೆಯುವವರು ನನಗಿಂತ ಮೊದಲೇ ತೀರಿಕೊಂಡರೆ ಇಂಥವರಿಗೆ’ ಎಂಬ ಎರಡು ಸಾಲು.

ಸಹಿ, ಸಾಕ್ಷಿ, ನೋಂದಣಿ

ಉಯಿಲಿಗೆ ಛಾಪಾ ಕಾಗದ ಬೇಡ. ಬಿಳಿ ಹಾಳೆ ಸಾಕು, ಪ್ರತಿ ಪುಟಕ್ಕೂ ಸಹಿ ಹಾಕಿ. ಇಬ್ಬರು ಸಾಕ್ಷಿಗಳು ನೀವು ಸಹಿ ಹಾಕುವುದನ್ನು ಕಂಡು, ನಿಮ್ಮ ಎದುರೇ ಸಹಿ ಹಾಕಬೇಕು. ಅವರು ನಿಮಗಿಂತ ಚಿಕ್ಕವರಾಗಿರಲಿ, ಆಸ್ತಿ ಪಡೆಯುವವರಾಗದಿರಲಿ. ಮುಂದೆ ಕೋರ್ಟಿನಲ್ಲಿ ಅವರಲ್ಲೊಬ್ಬರಾದರೂ ನಿಂತು ಹೇಳಬೇಕಾಗುತ್ತದೆ. ವಯಸ್ಸಾಗಿದ್ದರೆ ಅದೇ ದಿನದ ವೈದ್ಯರ ಪತ್ರ ಲಗತ್ತಿಸಿ. ಎರಡನೇ ಹೆಂಡತಿಯೇ ಓಡಾಡಿ ಬರೆಸಿದ ಉಯಿಲನ್ನು ನ್ಯಾಯಾಲಯ ಅನುಮಾನದಿಂದ ನೋಡುವುದುಂಟು, ಆ ದಿನ ಅವರು ಕಚೇರಿಯಿಂದ ದೂರವಿರಲಿ.

ನೋಂದಣಿ ಕಡ್ಡಾಯವಲ್ಲ, ಆದರೂ ಇಂಥ ಮನೆಗಳಲ್ಲಿ ಮಾಡಿಸಿ. ಒಳಗೇನಿದೆ ಎಂದು ಯಾರಿಗೂ ತಿಳಿಯಬಾರದು ಎನಿಸಿದರೆ ಮುಚ್ಚಿ ಮೊಹರು ಮಾಡಿದ ಲಕೋಟೆಯಲ್ಲಿ ಜಿಲ್ಲಾ ನೋಂದಣಾಧಿಕಾರಿಯ ಬಳಿ ಠೇವಣಿ ಇಡುವ ಅವಕಾಶವೂ ಇದೆ.

ಎರಡನೇ ಮದುವೆಗೆ ಮೊದಲು ಬರೆದ ಉಯಿಲಿದೆಯೇ? ಹಿಂದೂಗಳ ಉಯಿಲು ಮದುವೆಯಿಂದ ರದ್ದಾಗುವುದಿಲ್ಲ. ಹೊಸ ಉಯಿಲಿನಲ್ಲಿ ಹಳೆಯದರ ದಿನಾಂಕ ಹೇಳಿ ರದ್ದುಪಡಿಸಿ. ಕ್ರೈಸ್ತರದು ತಿರುಗುಮುರುಗು: ಮದುವೆಯಾದ ಕೂಡಲೇ ಹಳೆಯ ಉಯಿಲು ಬಿದ್ದುಹೋಗುತ್ತದೆ, ಹೊಸದು ಬರೆಯಲೇಬೇಕು. ಮುಸ್ಲಿಮರು ವಾರಸುದಾರರ ಒಪ್ಪಿಗೆಯಿಲ್ಲದೆ ಮೂರನೇ ಒಂದು ಪಾಲಿಗಿಂತ ಹೆಚ್ಚು ಬರೆಯುವಂತಿಲ್ಲ. ಮಲಮಕ್ಕಳಿಗೆ ಕೊಡುವುದಿದ್ದರೆ ಆ ಮಿತಿಯೊಳಗೆ.

ದತ್ತು, ಅಪ್ರಾಪ್ತರು, ನಾಮಿನಿ

‘ದತ್ತು ತೆಗೆದುಕೊಂಡರೆ ಮುಗಿಯಿತಲ್ಲ’ ಎನ್ನುವವರಿಗೆ: 1956ರ ಹಿಂದೂ ದತ್ತಕ ಕಾಯ್ದೆಯಲ್ಲಿ ಸ್ವಂತ ಮಗನಿರುವವರು ಇನ್ನೊಬ್ಬ ಮಗನನ್ನು, ಮಗಳಿರುವವರು ಇನ್ನೊಬ್ಬ ಮಗಳನ್ನು ದತ್ತು ತೆಗೆದುಕೊಳ್ಳುವಂತಿಲ್ಲ. ರೂಢಿಯ ಬೆಂಬಲವಿಲ್ಲದಿದ್ದರೆ ಮಗು 15 ತುಂಬಿರಬಾರದು. ದತ್ತಾದ ಮೇಲೆ ಹುಟ್ಟಿದ ಮನೆಯಿಂದ ಮುಂದೆ ಬರುವ ವಾರಸಿಕೆ ತಪ್ಪುತ್ತದೆ, ಆಗಲೇ ಕೈಸೇರಿದ್ದು ಮಾತ್ರ ಉಳಿಯುತ್ತದೆ. ಹೆತ್ತ ತಂದೆಯ ಒಕ್ಕದಲ್ಲಿ ಮಗುವಿಗೆ ಒಳ್ಳೆಯ ಪಾಲಿದ್ದರೆ ಉಯಿಲೇ ಮೇಲು.

ಮಲತಂದೆ, ಮಲತಾಯಿ ಕಾನೂನಿನಲ್ಲಿ ಮಗುವಿನ ಸಹಜ ಪೋಷಕರಲ್ಲ. ಹಾಗಾಗಿ ಅಪ್ರಾಪ್ತರ ಪಾಲು ನೋಡಿಕೊಳ್ಳುವವರನ್ನು ಉಯಿಲಿನಲ್ಲೇ ನೇಮಿಸಿ.

ಬ್ಯಾಂಕಿನಲ್ಲಿ ಮೊದಲ ಹೆಂಡತಿಯ ಹೆಸರೇ ಇನ್ನೂ ನಾಮಿನಿಯಾಗಿದೆಯೇ ನೋಡಿ. 2025ರ ನವೆಂಬರ್ 1ರಿಂದ ಒಂದು ಖಾತೆಗೆ ನಾಲ್ವರವರೆಗೆ ನಾಮಿನಿ ಹೆಸರಿಸಿ ಶೇಕಡಾವಾರು ಹಂಚಬಹುದು. ಬ್ಯಾಂಕ್ ಖಾತೆಯ ನಾಮಿನಿ ಹಣ ಪಡೆದುಕೊಳ್ಳುವವರಷ್ಟೇ, ಒಡೆಯರಲ್ಲ. ಜೀವವಿಮೆಯಲ್ಲಿ ಮಾತ್ರ ಹೆಂಡತಿ, ಮಕ್ಕಳು, ತಂದೆತಾಯಿ ನಾಮಿನಿಯಾಗಿದ್ದರೆ 2015ರ ತಿದ್ದುಪಡಿಯ ಪ್ರಕಾರ ಹಣ ಅವರದೇ ಆಗಬಹುದು, ಆದರೆ ಉಳಿದ ವಾರಸುದಾರರು ಪಾಲು ಕೇಳಿದರೆ ಇದೂ ಖಚಿತವಲ್ಲ. ಆದ್ದರಿಂದ ನಾಮಿನಿ ಪಟ್ಟಿ ಮತ್ತು ಉಯಿಲು ಎರಡನ್ನೂ ಒಂದೇ ದಿನ ಕೂತು ಹೊಂದಿಸಿ.